ಅಂಗಡಿ ಬೀದಿಗಳ ಸುಧಾರಣೆಗೆ ಕಟ್ಟಡ ಮಾಲೀಕರಿಂದ ವಾರ್ಷಿಕ ಶುಲ್ಕ: ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶಕ್ಕೆ ಇದು ಹೊಂದೀತೇ?

ಚರ್ಚೆ ಆರಂಭಿಸಿದವರು (ಸೂಪರ್ ಮಾರ್ಕೆಟ್‌ನಲ್ಲಿ ಕಟ್ಟಡ ಮತ್ತು ಬಟ್ಟೆ ಅಂಗಡಿ)

ಎಲ್ಲರಿಗೂ ಶರಣು. ಸೂಪರ್ ಮಾರ್ಕೆಟ್, ಕಪಡಾ ಬಜಾರ್, ಸರಾಫ್ ಬಜಾರ್, ಕಿರಾಣಾ ಬಜಾರ್‌ಗಳ ಬೀದಿಗಳನ್ನು ನಡೆದಾಡಲು ಯೋಗ್ಯವಾಗಿ ಮಾಡುವ ಮಾತು ಬಂದಾಗಲೆಲ್ಲ ಹಣ ಎಲ್ಲಿಂದ ತರುವುದು ಎಂಬಲ್ಲಿಗೆ ಬಂದು ಮಾತು ನಿಲ್ಲುತ್ತದೆ. ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಗೆ ನಮ್ಮ ರಾಜ್ಯದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ದಾವಣಗೆರೆ, ಶಿವಮೊಗ್ಗ, ತುಮಕೂರು ಮತ್ತು ಮಂಗಳೂರು ಆಯ್ಕೆಯಾದವು. ಕಲಬುರಗಿ ಆ ಪಟ್ಟಿಯಲ್ಲಿರಲಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನಕ್ಕೆ ಏಳು ಜಿಲ್ಲೆಗಳ ಶಾಲೆ, ಆಸ್ಪತ್ರೆ, ಹಳ್ಳಿ ರಸ್ತೆಗಳು ಕಾದಿರುವಾಗ, ನಮ್ಮ ಅಂಗಡಿಗಳ ಮುಂದಿನ ಫುಟ್‌ಪಾತ್‌ಗೆ ಅದರಲ್ಲಿ ಮೊದಲ ಪಾಲು ಕೇಳುವುದು ನನಗೆ ನ್ಯಾಯವೆನ್ನಿಸುವುದಿಲ್ಲ.

ಆದ್ದರಿಂದ ಬೇರೊಂದು ದಾರಿಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಒಂದು ವ್ಯಾಪಾರಿ ಪ್ರದೇಶದ ಗಡಿಯನ್ನು ಗುರುತಿಸಿ, ಅದರೊಳಗಿನ ಕಟ್ಟಡ ಮಾಲೀಕರೆಲ್ಲರೂ ವರ್ಷಕ್ಕೆ ಇಷ್ಟು ಎಂದು ಶುಲ್ಕ ಕೊಟ್ಟು, ಆ ಹಣವನ್ನು ಅದೇ ಪ್ರದೇಶದ ಬೀದಿ, ನೆರಳು, ದೀಪ, ಸ್ವಚ್ಛತೆಗೆ ಮಾತ್ರ ಬಳಸುವ ಪದ್ಧತಿ ಕೆನಡಾದ ಟೊರಾಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್ ಎಂಬ ವ್ಯಾಪಾರಿ ಬೀದಿಯಲ್ಲಿ 1970ರಲ್ಲಿ ಆರಂಭವಾಯಿತು. ಹೊಸ ಸುರಂಗ ರೈಲು ಮತ್ತು ದೊಡ್ಡ ಮಾಲ್‌ಗಳು ಬಂದ ಮೇಲೆ ಗಿರಾಕಿಗಳು ಆ ಬೀದಿಯನ್ನು ಬಿಟ್ಟು ಹೋಗತೊಡಗಿದ್ದರು. ಮೊದಲು ಸ್ವಂತ ಇಚ್ಛೆಯಿಂದ ವಂತಿಗೆ ಸಂಗ್ರಹಿಸಲು ನೋಡಿದಾಗ ಕೆಲವರು ಕೊಟ್ಟರು, ಉಳಿದವರು ಕೊಡದೆಯೇ ಅನುಕೂಲ ಪಡೆದರು. ಆ ಕಾರಣಕ್ಕೆ ವ್ಯಾಪಾರಿಗಳೇ ಕಾನೂನಿನ ಬಲ ಕೇಳಿದರು. ನಗರಾಡಳಿತ ಆಸ್ತಿ ತೆರಿಗೆಯ ಜೊತೆಗೆ ಶುಲ್ಕ ವಸೂಲು ಮಾಡಿ ಬೀದಿಯ ಮಂಡಳಿಗೆ ಒಪ್ಪಿಸುವ ವ್ಯವಸ್ಥೆ ಹೀಗೆ ಬಂತು. ಈಗ ನ್ಯೂಯಾರ್ಕ್ ನಗರವೊಂದರಲ್ಲೇ ಇಂಥ 70ಕ್ಕೂ ಹೆಚ್ಚು ವಲಯಗಳಿವೆ.

ನಮ್ಮ ಸೂಪರ್ ಮಾರ್ಕೆಟ್‌ಗೂ ಇಂದು ಅದೇ ಬಗೆಯ ಒತ್ತಡವಿದೆ. ಹೊರ ಬಡಾವಣೆಗಳಲ್ಲಿ ವಾಹನ ನಿಲುಗಡೆಯಿರುವ ಹೊಸ ಮಳಿಗೆಗಳು ಎದ್ದಿವೆ, ಮೊಬೈಲ್‌ನಲ್ಲೇ ಸೀರೆ ತರಿಸಿಕೊಳ್ಳುವ ಮನೆಗಳು ಹೆಚ್ಚಾಗಿವೆ. ಇಲ್ಲಿಯವರೆಗೆ ಬರುವ ಗಿರಾಕಿಗೆ ನೆಮ್ಮದಿಯಿಂದ ನಡೆಯುವ ಒಂದು ದಾರಿಯನ್ನಾದರೂ ನಾವು ಕೊಡಬೇಕೆಂಬುದು ನನ್ನ ಮಾತು. ನಿಮ್ಮ ಅಭಿಪ್ರಾಯಗಳನ್ನು, ವಿಶೇಷವಾಗಿ ವಿರೋಧವನ್ನು, ಬಿಚ್ಚಿ ಹೇಳಿರಿ.

ಸ್ಟೇಷನ್ ರಸ್ತೆಯ ಕಟ್ಟಡ ಮಾಲೀಕರು

ಅಣ್ಣನವರೇ, ನಿಮ್ಮ ಕಳಕಳಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ನಾನು ಪ್ರತಿವರ್ಷ ಏಪ್ರಿಲ್‌ನಲ್ಲೇ, ಶೇಕಡ 5ರ ರಿಯಾಯಿತಿ ಇರುವಾಗಲೇ, ಆಸ್ತಿ ತೆರಿಗೆ ಕಟ್ಟುವವನು. ಆ ತೆರಿಗೆಯ ಮೇಲೆ ಶೇಕಡ 15 ಆರೋಗ್ಯ ಕರ, ಶೇಕಡ 6 ಗ್ರಂಥಾಲಯ ಕರ, ಶೇಕಡ 3 ಭಿಕ್ಷುಕರ ಪುನರ್ವಸತಿಗೆಂದು ಇರುವ ಕರ ಬೇರೆ ಸೇರುತ್ತವೆ; ಕಸ ವಿಲೇವಾರಿಯ ಕರವೂ ಇದೆ. ಗ್ರಂಥಾಲಯ ಕರವನ್ನು ಜನರಿಂದ ಪಡೆದು ಗ್ರಂಥಾಲಯ ಇಲಾಖೆಗೆ ಪೂರ್ತಿ ಸಲ್ಲಿಸದೆ ಬಾಕಿ ಉಳಿಸಿಕೊಂಡ ಸ್ಥಳೀಯ ಸಂಸ್ಥೆಗಳು ನಮ್ಮ ರಾಜ್ಯದಲ್ಲಿ ಹಲವು ಇವೆ ಎಂಬುದು ಎಲ್ಲರಿಗೂ ತಿಳಿದದ್ದೇ. ಒಂದು ಕೆಲಸಕ್ಕೆಂದು ಹೆಸರಿಟ್ಟು ಪಡೆದ ಹಣ ಆ ಕೆಲಸಕ್ಕೇ ಹೋಗುತ್ತದೆ ಎಂಬ ನಂಬಿಕೆ ಹೀಗಿರುವಾಗ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ. ಚರಂಡಿ, ಬೀದಿದೀಪ, ಕಸಗುಡಿಸುವಿಕೆ ಇವು ಮಹಾನಗರ ಪಾಲಿಕೆಯ ಕಡ್ಡಾಯ ಕರ್ತವ್ಯಗಳು. ನಾವು ಹಣ ಹಾಕುತ್ತೇವೆಂದು ಮುಂದೆ ಬಂದ ಮರುದಿನವೇ ಪೌರಕಾರ್ಮಿಕರನ್ನು ಇಲ್ಲಿಂದ ತೆಗೆದು ಬೇರೆ ವಾರ್ಡಿಗೆ ಕಳುಹಿಸಿದರೆ, ಇರುವುದಕ್ಕೇ ಎರಡು ಸಲ ಹಣ ಕೊಟ್ಟಂತಾಗುತ್ತದೆ. ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ನನ್ನ ಒಪ್ಪಿಗೆ ಇಲ್ಲ.

ಚಪ್ಪಲ್ ಬಜಾರ್‌ನ ಬಾಡಿಗೆ ಅಂಗಡಿಯವರು

ಮಾಲೀಕರು ಮಾಲೀಕರೊಳಗೇ ಮಾತಾಡುತ್ತಿರುವುದರಿಂದ ನಾನು ನಡುವೆ ಬರಬೇಕಾಯಿತು. ಶುಲ್ಕದ ಬಿಲ್ಲು ಮಾಲೀಕರ ಹೆಸರಿಗೆ ಬಂದರೂ ಮುಂದಿನ ಕರಾರಿನಲ್ಲಿ ಅದು ನಮ್ಮ ಬಾಡಿಗೆಗೆ ಸೇರುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ವ್ಯಾಪಾರದ ಜಾಗಗಳಿಗೆ 14 ಚದರ ಮೀಟರ್‌ವರೆಗೆ ಮಾತ್ರ ಇರುವುದರಿಂದ, ಅದಕ್ಕಿಂತ ಸ್ವಲ್ಪ ದೊಡ್ಡ ಅಂಗಡಿಯವರಿಗೆ ಮಾಲೀಕರು ಹೇಳಿದ್ದೇ ಬಾಡಿಗೆ. ಬೀದಿ ಚೆಂದವಾದ ಮೇಲೆ ಬಾಡಿಗೆ ಮತ್ತೂ ಏರುತ್ತದೆ. ಆಗ ಬೀದಿಯನ್ನು ಸುಧಾರಿಸಲು ಹಣ ಕೊಟ್ಟ ಬಾಡಿಗೆದಾರನೇ ಬೀದಿ ಬಿಡಬೇಕಾಗುತ್ತದೆ. ಕಟ್ಟಡದ ಬೆಲೆ ಏರಿದರೆ ಅದು ಮಾಲೀಕರ ಆಸ್ತಿ. ನಮ್ಮ ಕೈಗೆ ಬರುವುದು ಗಿರಾಕಿ ಹೆಚ್ಚಾದರೆ ಮಾತ್ರ.

ವಕೀಲರು (ತೆರಿಗೆ ಮತ್ತು ಸ್ಥಳೀಯ ಸಂಸ್ಥೆಗಳ ಪ್ರಕರಣಗಳು)

ಕಾನೂನಿನ ದೃಷ್ಟಿಯಿಂದ ಕೆಲವು ಮಾತು. ಸಂವಿಧಾನದ 265ನೇ ವಿಧಿಯ ಪ್ರಕಾರ ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ. ಪಾಲಿಕೆಗಳಿಗೆ ತೆರಿಗೆ, ಶುಲ್ಕ ವಿಧಿಸುವ ಅಧಿಕಾರವನ್ನು ರಾಜ್ಯ ಶಾಸಕಾಂಗ ಕೊಡಬಹುದೆಂದು 74ನೇ ತಿದ್ದುಪಡಿಯಿಂದ ಸೇರಿದ 243-ಎಕ್ಸ್ ವಿಧಿ ಹೇಳುತ್ತದೆ. ಆದ್ದರಿಂದ ವ್ಯಾಪಾರಿಗಳ ಸಂಘವಾಗಲಿ, ಪಾಲಿಕೆಯ ಒಂದು ನಿರ್ಣಯವಾಗಲಿ ತಾನಾಗಿಯೇ ಎಲ್ಲ ಮಾಲೀಕರಿಂದ ಕಡ್ಡಾಯ ವಸೂಲಿ ಮಾಡಲಾಗದು. 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆಯಲ್ಲಿ ಅದಕ್ಕೆ ಸ್ಪಷ್ಟ ಆಧಾರ ಬೇಕು.

ಹತ್ತಿರದ ಆಧಾರಗಳು ಇಲ್ಲವೆಂದಲ್ಲ. ಪ್ರಾಧಿಕಾರದ ಕಾಮಗಾರಿಯಿಂದ ಸುತ್ತಲಿನ ಜಮೀನಿನ ಬೆಲೆ ಏರಿದಾಗ ಮಾಲೀಕರಿಂದ ಸುಧಾರಣಾ ತೆರಿಗೆ ಪಡೆಯುವ ಅವಕಾಶ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ಆದರೆ ಅದು ಏರಿದ ಬೆಲೆಯಲ್ಲಿ ಪಾಲು ಕೇಳುವ ಕ್ರಮ. ವರ್ಷವರ್ಷದ ನಿರ್ವಹಣೆಗೆ ಅದು ಹೊಂದುವುದಿಲ್ಲ.

ಸ್ಟೇಷನ್ ರಸ್ತೆಯವರ ಮೊದಲ ಪ್ರಶ್ನೆಗೆ ಹಳೆಯ ತೀರ್ಪೊಂದರಲ್ಲಿ ಉತ್ತರವಿದೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್, ಮಠಗಳಿಂದ ಪಡೆಯುತ್ತಿದ್ದ ವಾರ್ಷಿಕ ವಂತಿಗೆಯನ್ನು ಸೇವೆಗೆ ಪ್ರತಿಯಾದ ಶುಲ್ಕವೆಂದು ಒಪ್ಪದೆ ತೆರಿಗೆಯೆಂದು ಪರಿಗಣಿಸಿತು. ಆ ಹಣ ಪ್ರತ್ಯೇಕವಾಗಿ ಉಳಿಯದೆ ಸರ್ಕಾರದ ಸಾಮಾನ್ಯ ನಿಧಿಯಲ್ಲಿ ಕರಗಿಹೋಗುತ್ತಿದ್ದದ್ದು ಅದಕ್ಕೆ ಒಂದು ಮುಖ್ಯ ಕಾರಣ. ನಂತರದ ತೀರ್ಪುಗಳು ಶುಲ್ಕಕ್ಕೂ ಸೇವೆಗೂ ರೂಪಾಯಿಗೆ ರೂಪಾಯಿ ಲೆಕ್ಕ ಹೊಂದಬೇಕಿಲ್ಲ, ಸ್ಥೂಲ ಸಂಬಂಧವಿದ್ದರೆ ಸಾಕು ಎಂದಿವೆ. ಆದರೂ ನಾನು ನಿಮಗೆ ಕೊಡುವ ಸಲಹೆ ಇಷ್ಟೇ: ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತ್ಯೇಕ ಲೆಕ್ಕ ಪರಿಶೋಧನೆ, ಬರೆದಿಟ್ಟ ಸೇವೆಗಳ ಪಟ್ಟಿ ಇವು ಮೂರೂ ಶುಲ್ಕದ ಆದೇಶದೊಳಗೇ ಇರಬೇಕು. ಆಮೇಲೆ ಮಾಡೋಣ ಎಂದರೆ ಅದು ಆಗುವುದಿಲ್ಲ.

ಚರ್ಚೆ ಆರಂಭಿಸಿದವರು

ಮೂವರಿಗೂ ಕೃತಜ್ಞತೆಗಳು. ಸ್ಟೇಷನ್ ರಸ್ತೆಯವರ ಆಕ್ಷೇಪದಿಂದ ಆರಂಭಿಸುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಇಡೀ ಯೋಜನೆ ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ.

ನಾವು ಕೊಡುವ ಹಣ ಹೆಚ್ಚುವರಿ ಕೆಲಸಕ್ಕೆ ಮಾತ್ರ ಇರಬೇಕು. ಇಂಗ್ಲೆಂಡಿನಲ್ಲಿ ಇಂಥ ವಲಯಗಳಿಗೆ 2003ರ ಕಾಯ್ದೆಯಿಂದ ಅವಕಾಶ ದೊರೆಯಿತು. ಅಲ್ಲಿ ಮತದಾನಕ್ಕೆ ಮೊದಲೇ ಸ್ಥಳೀಯ ಆಡಳಿತವು ತಾನು ಈಗಾಗಲೇ ಆ ಬೀದಿಯಲ್ಲಿ ಏನೇನು ಮಾಡುತ್ತಿದೆ, ಎಷ್ಟು ಸಲ ಗುಡಿಸುತ್ತದೆ, ಎಷ್ಟು ದೀಪ ನೋಡಿಕೊಳ್ಳುತ್ತದೆ ಎಂಬುದನ್ನು ಬರೆದುಕೊಡುವ ರೂಢಿಯಿದೆ. ಆ ಮಟ್ಟಕ್ಕಿಂತ ಕೆಳಗಿಳಿದರೆ ವಲಯದವರು ಪತ್ರ ಹಿಡಿದು ಪ್ರಶ್ನಿಸಬಹುದು. ನಮ್ಮಲ್ಲೂ ಮೊದಲ ಹೆಜ್ಜೆ ಅದೇ ಆಗಬೇಕು: ಈ ಬೀದಿಗಳಿಗೆ ನಿಯೋಜಿತರಾದ ಪೌರಕಾರ್ಮಿಕರೆಷ್ಟು, ಕಸದ ವಾಹನ ಬರುವ ಹೊತ್ತು ಯಾವುದು, ದೀಪ ಕೆಟ್ಟರೆ ಎಷ್ಟು ದಿನದೊಳಗೆ ಸರಿಪಡಿಸುತ್ತಾರೆ, ಚರಂಡಿಯ ಹೂಳನ್ನು ಮಳೆಗಾಲಕ್ಕೆ ಮೊದಲು ಯಾವಾಗ ತೆಗೆಯುತ್ತಾರೆ ಎಂಬುದು ಪಾಲಿಕೆಯಿಂದ ಲಿಖಿತವಾಗಿ ಬರಬೇಕು. ಆ ಪತ್ರ ಕೈಗೆ ಬಾರದೆ ಒಂದು ರೂಪಾಯಿಯನ್ನೂ ಸಂಗ್ರಹಿಸಬಾರದೆಂದು ನಾನೇ ಹೇಳುತ್ತೇನೆ. ಚರಂಡಿ ಕಟ್ಟುವುದು, ರಸ್ತೆ ಹಾಕುವುದು, ನೀರಿನ ಪೈಪು ಬದಲಿಸುವುದು ಪಾಲಿಕೆಯ ಕೆಲಸವಾಗಿಯೇ ಉಳಿಯಬೇಕು.

ಹಾಗಾದರೆ ನಮ್ಮ ಹಣ ಯಾವುದಕ್ಕೆ? ನಿರ್ವಹಣೆಗೆ. ನಮ್ಮ ದೇಶದಲ್ಲಿ ಬೀದಿಗಳನ್ನು ಚೆಂದವಾಗಿ ಕಟ್ಟಲಾರೆವೆಂದೇನೂ ಇಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲುಹಾಸಿನೊಂದಿಗೆ ಹೊಸದಾಯಿತು, ಚೆನ್ನೈನ ಪಾಂಡಿ ಬಜಾರ್ 2019ರಲ್ಲಿ ಪಾದಚಾರಿ ಬೀದಿಯಾಯಿತು, ದೆಹಲಿಯ ಚಾಂದನಿ ಚೌಕ್ 2021ರಲ್ಲಿ ಹಗಲು ಹೊತ್ತು ಮೋಟಾರು ವಾಹನಗಳಿಲ್ಲದ ಬೀದಿಯಾಯಿತು. ಮೂರೂ ಸರ್ಕಾರದ ಹಣದಿಂದ ಆದವು. ಉದ್ಘಾಟನೆಯ ನಂತರ ಚರ್ಚ್ ಸ್ಟ್ರೀಟಿನ ಕಲ್ಲುಗಳು ಸಡಿಲವಾದವು, ಚಾಂದನಿ ಚೌಕದಲ್ಲಿ ನಿಷೇಧದ ಹೊತ್ತಿನಲ್ಲೂ ವಾಹನಗಳು ನುಗ್ಗುತ್ತಿವೆಯೆಂಬ ದೂರುಗಳು ಬಂದವು. ಕಟ್ಟಲು ಒಂದು ಸಲ ಅನುದಾನ ತರಬಹುದು. ಪ್ರತಿದಿನ ನೋಡಿಕೊಳ್ಳಲು ಅನುದಾನ ತರಲಾಗದು. ಆ ಜಾಗವನ್ನು ತುಂಬಬಲ್ಲವರು ಬೀದಿಯ ಮೇಲೆ ಆಸ್ತಿ ಇರುವ ನಾವೇ.

ಈಗ ಮೊತ್ತದ ವಿಷಯ. ಇದು ಅಳತೆ ಮಾಡಿದ ಲೆಕ್ಕವಲ್ಲ, ಮಾತಿಗೊಂದು ಉದಾಹರಣೆ. 500 ಮೀಟರ್ ಉದ್ದದ ಬೀದಿಗೆ ಎರಡೂ ಬದಿ ಸೇರಿ, ಸಂದಿಗಳನ್ನು ಬಿಟ್ಟು, 900 ಮೀಟರ್ ಮುಂಭಾಗ ಇದೆ ಎಂದಿಟ್ಟುಕೊಳ್ಳಿ. ವರ್ಷದ ನಿರ್ವಹಣೆಗೆ 18 ಲಕ್ಷ ರೂಪಾಯಿ ಬೇಕು. ಪೂರ್ತಿ ಮುಂಭಾಗದ ಅಳತೆಯ ಮೇಲೆ ಹಂಚಿದರೆ ಮೀಟರಿಗೆ 2,000 ರೂಪಾಯಿ. 12 ಅಡಿ ಮುಂಭಾಗದ ಅಂಗಡಿಗೆ ವರ್ಷಕ್ಕೆ ಸುಮಾರು 7,300, ತಿಂಗಳಿಗೆ 610. ಆದರೆ ಇದರಲ್ಲಿ ಒಂದಂತಸ್ತಿನ ಸಣ್ಣ ಕಿರಾಣಿ ಅಂಗಡಿಯೂ ಮೂರಂತಸ್ತಿನ ಕಟ್ಟಡವೂ ಒಂದೇ ಮೊತ್ತ ಕೊಡುವಂತಾಗುತ್ತದೆ, ಅದು ಸರಿಯಲ್ಲ. ಅರ್ಧವನ್ನು ಮುಂಭಾಗದ ಮೇಲೆ, ಅರ್ಧವನ್ನು ಒಟ್ಟು ನೆಲದ ವಿಸ್ತೀರ್ಣದ ಮೇಲೆ ಹಂಚಿದರೆ ಹೇಗೆ? ಬೀದಿಯಲ್ಲಿ ಎಲ್ಲ ಅಂತಸ್ತು ಸೇರಿ 3 ಲಕ್ಷ ಚದರ ಅಡಿ ಇದ್ದರೆ ಚದರ ಅಡಿಗೆ ವರ್ಷಕ್ಕೆ 3 ರೂಪಾಯಿ ಬರುತ್ತದೆ. ಆಗ 12 ಅಡಿ ಅಗಲ, 30 ಅಡಿ ಆಳದ ಒಂದಂತಸ್ತಿನ ಅಂಗಡಿಗೆ ತಿಂಗಳಿಗೆ 395 ರೂಪಾಯಿ, ಅದೇ ಅಳತೆಯ ಮೂರಂತಸ್ತಿನ ಕಟ್ಟಡಕ್ಕೆ 575. ಇದು ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಚಪ್ಪಲ್ ಬಜಾರ್‌ನ ಅಣ್ಣನವರೇ, ನಿಮ್ಮ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ. ಕೆನಡಾದ ಆಂಟಾರಿಯೊ ಪ್ರಾಂತದಲ್ಲಿ ವ್ಯಾಪಾರಿ ಕಟ್ಟಡಗಳ ಬಾಡಿಗೆದಾರರೂ ಇಂಥ ಮಂಡಳಿಯ ಸದಸ್ಯರೇ; ಅವರಿಗೂ ಮತವಿದೆ. ನಮ್ಮಲ್ಲೂ ಹಾಗೆಯೇ ಆಗಲಿ. ಶುಲ್ಕವನ್ನು ಬಾಡಿಗೆಯ ಮೇಲೆ ಹಾಕುವುದಿಲ್ಲವೆಂದು ಮಾಲೀಕರು ಸದಸ್ಯತ್ವದ ಕಾಗದದಲ್ಲೇ ಬರೆದು ಸಹಿ ಮಾಡಬೇಕೆಂಬ ಷರತ್ತಿಗೂ ನಾನು ಸಿದ್ಧನಿದ್ದೇನೆ. ಆಸ್ತಿಯ ಬೆಲೆ ಏರುವುದು ನಮಗಾದರೆ, ಭಾರ ಹೊರಬೇಕಾದವರೂ ನಾವೇ.

ಶಿಕ್ಷಕಿ, ಬಜಾರಿಗೆ ಬರುವ ಗಿರಾಕಿ

ಅಣ್ಣನವರೇ, ಗಿರಾಕಿಗಳಾದ ನಮ್ಮನ್ನೂ ಕೇಳಿರಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಮಧ್ಯಾಹ್ನ ಬಜಾರಿಗೆ ಬಂದರೆ ನಿಲ್ಲಲು ನೆರಳಿರುವುದಿಲ್ಲ. ಹಳ್ಳಿಗಳಿಂದ ಮದುವೆ ಜವಳಿಗೆಂದು ಇಡೀ ಮನೆಯವರು ಬರುತ್ತಾರೆ. ಬೆಳಿಗ್ಗೆ ಬಂದ ಹೆಣ್ಣುಮಕ್ಕಳು ಸಂಜೆ ಬಸ್ ಹತ್ತುವವರೆಗೆ ನೀರು ಕುಡಿಯುವುದನ್ನೇ ಬಿಡುತ್ತಾರೆ, ಏಕೆಂದರೆ ಹೋಗಲು ಸ್ವಚ್ಛವಾದ ಶೌಚಾಲಯವಿಲ್ಲ. ಮೊದಲ ವರ್ಷದ ಹಣ ಕಲ್ಲುಹಾಸಿಗಲ್ಲ, ದಿನವಿಡೀ ಒಬ್ಬರು ನೋಡಿಕೊಳ್ಳುವ ಮಹಿಳಾ ಶೌಚಾಲಯಕ್ಕೆ, ಬೇವಿನ ಮತ್ತು ಹೊಂಗೆಯ ಸಸಿಗಳಿಗೆ, ಅವು ಬೆಳೆಯುವವರೆಗೆ ಬೇಸಿಗೆಯ ಬಟ್ಟೆಯ ಚಪ್ಪರಕ್ಕೆ ಹೋಗಬೇಕು.

ಅಂಗಡಿಯ ಮೆಟ್ಟಿಲುಗಳ ಮಾತನ್ನೂ ಆಡಲೇಬೇಕು. ಫುಟ್‌ಪಾತ್ ಇರುವಲ್ಲಿಯೂ ಪ್ರತಿ ಅಂಗಡಿ ತನ್ನ ಮೆಟ್ಟಿಲನ್ನು ಅದರ ಮೇಲೆ ಇಳಿಸಿದೆ, ಜಾಹೀರಾತಿನ ಹಲಗೆ ನಿಲ್ಲಿಸಿದೆ, ಗೊಂಬೆಗಳಿಗೆ ಬಟ್ಟೆ ಹಾಕಿ ಹೊರಗಿಟ್ಟಿದೆ. ಮಂಡಿ ನೋವಿರುವ ನನ್ನ ತಾಯಿ ಅಲ್ಲಿ ನಡೆಯಲಾರದೆ ರಸ್ತೆಗಿಳಿಯುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಲ್ಲರೂ ಬಳಸಬಹುದಾದ ದಾರಿಯನ್ನು ಹಕ್ಕಾಗಿ ಕೊಟ್ಟಿದೆ. ಮೆಟ್ಟಿಲು ಒಳಗೆಳೆದುಕೊಳ್ಳುವುದಕ್ಕೆ ಯಾವ ಶುಲ್ಕವೂ ಬೇಡ, ಮಾಲೀಕರ ಮನಸ್ಸು ಬೇಕು.

ನಿವೃತ್ತ ಎಂಜಿನಿಯರ್

ಅಕ್ಕನವರ ಮಾತಿಗೆ ಸೇರಿಸುತ್ತೇನೆ. ಹೊರಗಿನ ಗ್ರಾನೈಟ್ ತರುವ ಅಗತ್ಯವಿಲ್ಲ. ನಮ್ಮ ಜಿಲ್ಲೆಯ ಶಹಾಬಾದಿನ ಫರ್ಸಿ ಕೈಯಳತೆಯಲ್ಲೇ ಇದೆ. ನಯಗೊಳಿಸಿದ್ದು ಮಳೆಯಲ್ಲಿ ಜಾರುತ್ತದೆ, ಆದ್ದರಿಂದ ಒರಟು ಮೈಯದನ್ನೇ ಹಾಸಬೇಕು. ಕೇಬಲ್ ಮತ್ತು ಪೈಪುಗಳಿಗೆ ಕಲ್ಲಿನ ಕೆಳಗೆ ಮೊದಲೇ ನಾಳ ಬಿಡದಿದ್ದರೆ, ಹಾಸಿದ ವರ್ಷವೇ ಅಗೆಯುತ್ತಾರೆ. ಒಂದು ಕಲ್ಲು ಒಡೆದರೆ ಬದಲಿಸಲು ಅದೇ ಅಳತೆಯ ಕಲ್ಲುಗಳ ಸಂಗ್ರಹವನ್ನು ವಲಯದ ಸಮಿತಿ ಇಟ್ಟುಕೊಳ್ಳಲಿ.

ಬೀದಿಬದಿ ವ್ಯಾಪಾರಿಗಳೊಂದಿಗೆ ಕೆಲಸ ಮಾಡುವವರು

ಇಲ್ಲಿಯವರೆಗಿನ ಚರ್ಚೆಯಲ್ಲಿ ತಳ್ಳುಬಂಡಿಯವರ ಹೆಸರೇ ಬರಲಿಲ್ಲ. ಶರಣಬಸವೇಶ್ವರರ ಜಾತ್ರೆಯಿರಲಿ, ಬಂದೇ ನವಾಜರ ಉರುಸ್ ಇರಲಿ, ಊರಿಗೆ ಬಂದ ಬಡವರು ಬಳೆ, ಹಣ್ಣು, ಮಕ್ಕಳ ಅಂಗಿ ಕೊಳ್ಳುವುದು ಇವರ ಬಳಿ. ಆಸ್ತಿ ಇದ್ದವರೇ ಹಣ ಕೊಟ್ಟು ಆಸ್ತಿ ಇದ್ದವರೇ ತೀರ್ಮಾನಿಸುವ ಸಮಿತಿಯಾದರೆ ಅದರ ಮೊದಲ ನಿರ್ಣಯ ಬಂಡಿಗಳನ್ನು ಎತ್ತಿಸುವುದೇ ಆಗುತ್ತದೆಯೆಂಬ ಭಯ ನಮಗಿದೆ. ಬೀದಿ ಸಾರ್ವಜನಿಕರದು, ಶುಲ್ಕ ಕೊಟ್ಟ ಮಾತ್ರಕ್ಕೆ ಅದು ಮಾಲೀಕರದಾಗುವುದಿಲ್ಲ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಆ ಕಾಯ್ದೆಯಡಿ ರಚನೆಯಾಗುವ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಬಂಡಿಗಳ ಜಾಗವನ್ನು ನಿರ್ಧರಿಸುವ ವಿಷಯ ಆ ಸಮಿತಿಯ ಮುಂದೆಯೇ ಹೋಗಬೇಕು, ನಿಮ್ಮ ವಲಯದ ಸಮಿತಿಯ ಮುಂದಲ್ಲ.

ಸ್ಟೇಷನ್ ರಸ್ತೆಯ ಕಟ್ಟಡ ಮಾಲೀಕರು

ಲಿಖಿತ ಪತ್ರ ಮೊದಲು, ಹಣ ಆಮೇಲೆ ಎಂಬ ಮಾತಿನಿಂದ ನನ್ನ ಅರ್ಧ ವಿರೋಧ ಇಳಿಯಿತು. ಉಳಿದರ್ಧಕ್ಕೆ ಮೂರು ಪ್ರಶ್ನೆಗಳಿವೆ. ನಾಲ್ಕಾರು ದೊಡ್ಡ ಕಟ್ಟಡಗಳವರು ಸೇರಿ ಎಲ್ಲರ ಮೇಲೆ ಶುಲ್ಕ ಹೇರಿದರೆ ಸಣ್ಣ ಮಾಲೀಕರ ಗತಿಯೇನು? ಒಮ್ಮೆ ಬಂದ ಶುಲ್ಕ ಎಂದಾದರೂ ಹೋಗುತ್ತದೆಯೇ? ನಮ್ಮ ರಸ್ತೆಯಲ್ಲಿ ಸರ್ಕಾರಿ ಕಚೇರಿಗಳಿವೆ, ರೈಲ್ವೆಯ ಜಾಗವಿದೆ, ಅವರೂ ಕೊಡುವರೇ?

ವಕೀಲರು

ಮೂರನೆಯದಕ್ಕೆ ನಾನು ಉತ್ತರಿಸುತ್ತೇನೆ. ಕೇಂದ್ರ ಸರ್ಕಾರದ ಆಸ್ತಿಗೆ ಸಂವಿಧಾನದ 285ನೇ ವಿಧಿ ತೆರಿಗೆಯಿಂದ ವಿನಾಯಿತಿ ಕೊಟ್ಟಿದೆ. ಆದರೆ ಸ್ಥಳೀಯ ಸಂಸ್ಥೆಗಳು ಒದಗಿಸುವ ಸೇವೆಗೆ ಸೇವಾ ಶುಲ್ಕ ಕೊಡುವ ಕ್ರಮವಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1996ರ ಜನಮತದ ನಂತರ, ವಿಶೇಷ ಲಾಭ ತಮಗೆ ಸಿಗುವುದಿಲ್ಲವೆಂದು ತೋರಿಸಿದರೆ ಹೊರತು ಸರ್ಕಾರಿ ಆಸ್ತಿಗಳೂ ತಮ್ಮ ಪಾಲು ಕೊಡಬೇಕು. ಇಡೀ ಊರಿಗೆ ಆಗುವ ಸಾಮಾನ್ಯ ಲಾಭವನ್ನು ಲೆಕ್ಕದಿಂದ ತೆಗೆದು, ಆ ಆಸ್ತಿಗೆ ವಿಶೇಷವಾಗಿ ಆಗುವ ಲಾಭಕ್ಕೆ ಮಾತ್ರ ಹಣ ಕೇಳಬೇಕೆಂಬ ನಿಯಮವೂ ಅಲ್ಲಿದೆ. ಈ ಎರಡನೆಯ ನಿಯಮ ನಮ್ಮ ಶಾಸಕಾಂಗ ಗಮನಿಸಬೇಕಾದದ್ದು.

ಚರ್ಚೆ ಆರಂಭಿಸಿದವರು

ಉಳಿದ ಎರಡು ಪ್ರಶ್ನೆಗಳಿಗೆ ಇಂಗ್ಲೆಂಡಿನ ನಿಯಮವೇ ನನಗೆ ಒಳ್ಳೆಯದೆನ್ನಿಸುತ್ತದೆ. ಅಲ್ಲಿ ಎರಡು ಬಹುಮತ ಒಟ್ಟಿಗೆ ಬೇಕು: ಮತ ಹಾಕಿದವರ ತಲೆ ಎಣಿಕೆಯಲ್ಲಿಯೂ, ಅವರು ತೆರಿಗೆ ಕಟ್ಟುವ ವ್ಯಾಪಾರಿ ಜಾಗಗಳ ತೆರಿಗೆ ಮೌಲ್ಯದಲ್ಲಿಯೂ. ದೊಡ್ಡವರು ಮಾತ್ರ ಒಪ್ಪಿದರೆ ಸಾಲದು, ಸಣ್ಣವರು ಮಾತ್ರ ಒಪ್ಪಿದರೂ ಸಾಲದು. ಅವಧಿ ಹೆಚ್ಚೆಂದರೆ ಐದು ವರ್ಷ. ಮುಂದುವರಿಯಬೇಕಾದರೆ ಮತ್ತೆ ಮತದಾನ. ನಮ್ಮಲ್ಲಿ ಮೊದಲ ಅವಧಿ ಮೂರು ವರ್ಷ ಸಾಕು.

ಬಂಡಿಗಳ ವಿಷಯದಲ್ಲಿ ಹೇಳಿದ್ದು ನ್ಯಾಯವಾದದ್ದು. ಬೀದಿಬದಿ ವ್ಯಾಪಾರಿಗಳ ಪ್ರತಿನಿಧಿಗಳಿಗೆ ಶುಲ್ಕವಿಲ್ಲದೆಯೇ ಸಮಿತಿಯಲ್ಲಿ ಸ್ಥಾನವಿರಲಿ, ಬಂಡಿಗಳನ್ನು ಎತ್ತಿಸುವ ಅಧಿಕಾರ ಸಮಿತಿಗೆ ಇಲ್ಲವೆಂದು ನಿಯಮಾವಳಿಯಲ್ಲೇ ಬರೆಯೋಣ. ಶೌಚಾಲಯ ಮತ್ತು ನೆರಳು ಮೊದಲ ವರ್ಷದ ಕೆಲಸವೆಂಬ ಅಕ್ಕನವರ ಮಾತನ್ನು ನಾನು ಹಾಗೆಯೇ ಒಪ್ಪುತ್ತೇನೆ. ನನ್ನ ಅಂಗಡಿಯ ಮೆಟ್ಟಿಲು ಫುಟ್‌ಪಾತ್ ಮೇಲಿದೆ. ಅದನ್ನು ಈ ದೀಪಾವಳಿಗೆ ಮೊದಲು ಒಳಗೆ ಮಾಡಿಸುತ್ತೇನೆ.

ಕಾಯ್ದೆಗೆ ತಿದ್ದುಪಡಿ ಬರುವವರೆಗೆ ಕಡ್ಡಾಯ ಶುಲ್ಕದ ಮಾತಿಲ್ಲ. ಅಲ್ಲಿಯವರೆಗೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಒಂದೇ ಒಂದು ಬೀದಿಯ ಸಂಘ ಮಾಡಿ, ಒಪ್ಪಿದವರ ವಂತಿಗೆಯಿಂದ ಒಂದು ವರ್ಷ ನಡೆಸಿ, ಪ್ರತಿ ತಿಂಗಳ ಖರ್ಚನ್ನು ಬೀದಿಯ ಎರಡೂ ತುದಿಯಲ್ಲಿ ಹಲಗೆಯ ಮೇಲೆ ಬರೆದು ತೋರಿಸೋಣ. ಶಾಸಕರ ಮುಂದೆ ಕಾನೂನು ಕೇಳಲು ಹೋಗುವಾಗ ಆ ಒಂದು ವರ್ಷದ ಲೆಕ್ಕಪುಸ್ತಕ ನಮ್ಮ ಕೈಯಲ್ಲಿರಬೇಕು. ಮೊದಲ ಬೀದಿಯಾಗಿ ಕಪಡಾ ಬಜಾರ್ ಅನ್ನು ಸೂಚಿಸುತ್ತೇನೆ, ಏಕೆಂದರೆ ಅಲ್ಲಿ ನಡೆದುಬರುವ ಗಿರಾಕಿಗಳೇ ಹೆಚ್ಚು. ಮುಂಭಾಗದ ಅಳತೆ, ಅಂತಸ್ತುಗಳ ಎಣಿಕೆ, ಈಗಿರುವ ದೀಪ ಮತ್ತು ಚರಂಡಿಗಳ ಸ್ಥಿತಿ ಇವನ್ನು ನಾವೇ ಟೇಪ್ ಹಿಡಿದು ಬರೆದುಕೊಳ್ಳಬೇಕಾಗಿದೆ. ಎಂಜಿನಿಯರ್ ಸಾಹೇಬರು ಜೊತೆಗಿದ್ದು ದಾರಿ ತೋರಿಸಬೇಕೆಂದು ವಿನಂತಿ. ಮಾಲೀಕರಲ್ಲಿ, ಬಾಡಿಗೆದಾರರಲ್ಲಿ, ಬಂಡಿಯವರಲ್ಲಿ ಯಾರು ಯಾರು ಅಳತೆಗೆ ಬರಬಲ್ಲಿರಿ, ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಯಾವ ಹೊತ್ತು ನಿಮಗೆ ಅನುಕೂಲ ಎಂಬುದನ್ನು ಇದರ ಕೆಳಗೆ ತಿಳಿಸಿರಿ.

ಚಪ್ಪಲ್ ಬಜಾರ್‌ನ ಬಾಡಿಗೆ ಅಂಗಡಿಯವರು

ಬಾಡಿಗೆದಾರರ ಕಡೆಯಿಂದ ನಾನು ಬರುತ್ತೇನೆ. ಬೆಳಿಗ್ಗೆ ಏಳಕ್ಕೆ ಆದರೆ ಒಳ್ಳೆಯದು. ಬಾಡಿಗೆಯ ಮೇಲೆ ಹಾಕುವುದಿಲ್ಲವೆಂಬ ಆ ಕಾಗದದ ಕರಡನ್ನು ವಕೀಲ ಸಾಹೇಬರು ಅಷ್ಟರೊಳಗೆ ಬರೆದುಕೊಟ್ಟರೆ ಅಂದೇ ಎಲ್ಲರಿಗೂ ಓದಿ ತೋರಿಸಬಹುದು.